ತಡವರಿಸಿದ ವಿಡಿಯೋ, ನಿಲ್ಲದ ಬಸ್ಸು

ಇದು 2013ರ ಮಾತು. ಆಗ ನಾನು ಗದಗಿನ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಹಿರಿಯ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಸೊಸೈಟಿ, ಕಾಲೇಜು, ಕಚೇರಿಗಳ ಕಂಪ್ಯೂಟರುಗಳನ್ನು ವರ್ಷದ ಗುತ್ತಿಗೆಯ ಮೇಲೆ ನೋಡಿಕೊಳ್ಳುವುದು ನಮ್ಮ ಕೆಲಸ. ಜಿಲ್ಲೆ ಹೊಸದಾಗಿ ಆದ ಕಾಲದಲ್ಲಿ ಕಚೇರಿಗಳಿಗೆ ಬಂದ ಮೊದಲ ಕಂಪ್ಯೂಟರುಗಳ ಡಬ್ಬಿ ಬಿಚ್ಚಿದವರಲ್ಲಿ ನಾನೂ ಒಬ್ಬಳು. ಅಷ್ಟು ವರ್ಷ ಕಳೆದ ಮೇಲೂ ಟೂಲ್ ಬ್ಯಾಗ್ ಹಿಡಿದು ಒಳಗೆ ಹೋದರೆ ಸಾಹೇಬರುಗಳು ನನ್ನ ಬೆನ್ನ ಹಿಂದೆ ಇಣುಕಿ, "ಎಂಜಿನಿಯರ್ ಬರ್ಲಿಲ್ಲೇನ್ರಿ?" ಎಂದು ಕೇಳುತ್ತಿದ್ದರು. ಮೊದಮೊದಲು ಉತ್ತರ ಕೊಡುತ್ತಿದ್ದೆ. ಆಮೇಲೆ ಸ್ಕ್ರೂಡ್ರೈವರ್ ತೆಗೆದು ಕೆಲಸಕ್ಕೆ ಕೂರುವುದೇ ಉತ್ತರವಾಯಿತು.

ಆಗ ನಮ್ಮ ಕಡೆ ಕಂಪ್ಯೂಟರಿಗೆ ಇದ್ದದ್ದು ಒಂದೇ ಔಷಧ: ಫಾರ್ಮ್ಯಾಟ್. ಪ್ರಿಂಟರ್ ಹಾಳೆ ನುಂಗಿದರೂ ಫಾರ್ಮ್ಯಾಟ್, ಮೌಸ್ ಕೈಕೊಟ್ಟರೂ ಫಾರ್ಮ್ಯಾಟ್. ಯಂತ್ರದೊಳಗೆ ಇದ್ದದ್ದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದಕ್ಕೆ ಆ ಹೆಸರು. ಹೀಗೆ ಅಳಿಸಿದವರು ಚಿತ್ರ ಮೂಡಿಸುವ ಚಿಪ್ಪನ್ನು ನಡೆಸುವ ತಂತ್ರಾಂಶವಾದ ಗ್ರಾಫಿಕ್ಸ್ ಡ್ರೈವರನ್ನು ಮತ್ತೆ ಹಾಕುವ ಗೋಜಿಗೆ ಹೋಗುತ್ತಿರಲಿಲ್ಲ. ಪರದೆ ಬೆಳಗಿತು, ಇಸ್ಪೀಟ್ ಆಟ ಶುರುವಾಯಿತು, ಕೆಲಸ ಮುಗಿಯಿತು. ಅಂಥ ಯಂತ್ರಗಳ ಮುಂದೆ ಕೂತು ತಮ್ಮನ್ನು ತಜ್ಞರೆಂದು ಕರೆದುಕೊಳ್ಳುವವರ ಬಗ್ಗೆ ನನಗೆ ಎಂದೂ ಗೌರವ ಹುಟ್ಟಲಿಲ್ಲ.

ಹತ್ತಿ ಬಿಡಿಸುವ ಹಂಗಾಮಿನಲ್ಲಿ ಒಂದು ಮುಂಜಾನೆ ಮುಂಡರಗಿಯ ಒಂದು ಖಾಸಗಿ ಶಿಕ್ಷಣ ಸಂಸ್ಥೆಯಿಂದ ಫೋನು ಬಂತು. ಮಾತಾಡಿದವರು ಅಲ್ಲಿನ ಆಡಳಿತಾಧಿಕಾರಿ ದೇಸಾಯಿಯವರು. "ಮೇಡಂ, ಒಂದು ವಿಡಿಯೋ ಆಡವಲ್ದು. ಇವತ್ತ ಬಂದು ನೋಡಿ ಹೋಗ್ರಿ. ಅರ್ಜೆಂಟ್ ಐತಿ," ಎಂದರು. ನಮ್ಮ ಕಂಪನಿಗೆ ಆ ಭಾಗದಲ್ಲಿ ಅದು ಎಲ್ಲಕ್ಕಿಂತ ದೊಡ್ಡ ಗುತ್ತಿಗೆ. ಮಾಲೀಕರು ನನ್ನನ್ನು ಕರೆದು, "ಅವರು ಹೇಳಿದ್ದು ಮಾಡಿ ಬರ್ರಿ, ವಾದಕ್ಕ ಇಳೀಬ್ಯಾಡ್ರಿ," ಎಂದು ಬುದ್ಧಿ ಹೇಳಿ ಬಸ್ ಹತ್ತಿಸಿದರು.

ವಿಡಿಯೋ ಯಾವುದೆಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಕೆಲ ವಾರಗಳ ಹಿಂದೆ ಸಂಸ್ಥೆಯ ಮಿನಿ ಬಸ್ಸು ವಿದ್ಯಾರ್ಥಿಗಳನ್ನು ತುಂಬಿಕೊಂಡು ಹಮ್ಮಿಗಿ ಕಡೆ ಹೊರಟಿತ್ತು. ಊರ ಹೊರಗೆ ಪೆಟ್ರೋಲ್ ಬಂಕ್ ದಾಟಿದರೆ ರಸ್ತೆ ಇಳಿಜಾರು. ಇಳಿಜಾರಿನ ಕೆಳಗೆ ಹತ್ತಿ ಬಿಡಿಸಿ ಬಂದ ಹೆಣ್ಣಾಳುಗಳು ಟಂಟಂ ರಿಕ್ಷಾ ಕಾಯುತ್ತ ನಿಂತಿದ್ದರು. ಬಸ್ಸು ಅವರತ್ತ ನುಗ್ಗಿ, ಕೊನೆಗೆ ಎಡಕ್ಕೆ ಹೊರಳಿ, ಹೊಲದ ಒಡ್ಡಿಗೆ ಗುದ್ದಿ ನಿಂತಿತು. ಹೊರಳುವಾಗ ರಸ್ತೆಯ ಅಂಚಿನಲ್ಲಿ ಬೈಕ್ ಮೇಲೆ ಹೋಗುತ್ತಿದ್ದ ಹಮ್ಮಿಗಿಯ ದರ್ಜಿ ಹನುಮಂತಪ್ಪನಿಗೆ ಬಡಿಯಿತು. ವಿದ್ಯಾರ್ಥಿಗಳಿಗೆ ತರಚಿದ ಗಾಯ ಬಿಟ್ಟರೆ ಏನೂ ಆಗಲಿಲ್ಲ. ಹನುಮಂತಪ್ಪನ ಬಲಗಾಲು ಮೊಣಕಾಲಿನ ಕೆಳಗೆ ಪುಡಿಯಾಯಿತು. ಹೊಲಿಗೆ ಯಂತ್ರ ತುಳಿದು ಬದುಕುವ ಮನುಷ್ಯ.

ಮೊದಲು ರಾಜಿಯ ಮಾತು ನಡೆದು ಪೊಲೀಸ್ ಕೇಸ್ ಆಗಿರಲಿಲ್ಲ. ಆಸ್ಪತ್ರೆಯ ಖರ್ಚು ನೋಡಿಕೊಳ್ಳುತ್ತೇವೆ ಎಂದ ಸಂಸ್ಥೆಯವರು ಎರಡನೆಯ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಫೋನ್ ಎತ್ತುವುದನ್ನೇ ಬಿಟ್ಟರು. ಆಗ ದರ್ಜಿಯ ಅಣ್ಣ ಠಾಣೆಗೆ ಹೋಗಿ ದೂರು ಕೊಟ್ಟ. ಅಷ್ಟರಲ್ಲಿ ಸಂಸ್ಥೆ ತನ್ನ ತೀರ್ಪು ಕೊಟ್ಟಾಗಿತ್ತು: ಡ್ರೈವರ್ ಮಾಬುಸಾಬ ಅತಿ ವೇಗದಲ್ಲಿ ಓಡಿಸಿದ್ದಾನೆ. ಅವನನ್ನು ಕೆಲಸದಿಂದ ನಿಲ್ಲಿಸಿದರು. ಬಸ್ಸಿನ ಬಂಪರ್ ನೆಟ್ಟಗೆ ಮಾಡಿಸಿ, ಬೇರೆ ಡ್ರೈವರನನ್ನು ಕೂರಿಸಿ ಮತ್ತೆ ಓಡಿಸಲು ಶುರುಮಾಡಿದರು. ನಾನು ಗೇಟಿನೊಳಗೆ ಕಾಲಿಟ್ಟಾಗ ಆ ಬಸ್ಸು ಬೇವಿನ ಮರದ ನೆರಳಿನಲ್ಲಿ ನಿಂತಿತ್ತು.

ಆಡಳಿತಾಧಿಕಾರಿಯ ಕೋಣೆಯಲ್ಲಿ ದೇಸಾಯಿಯವರ ಜೊತೆ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾದ ಹಂಪಿಹೊಳಿ ಸರ್ ಇದ್ದರು. ಬಂಕಿನಲ್ಲಿ ಆಗಷ್ಟೇ ಹೈ ಡೆಫಿನಿಷನ್ ಕ್ಯಾಮೆರಾ ಹಾಕಿಸಿದ್ದರು. ಅಪಘಾತದ ಮರುದಿನವೇ ಹಂಪಿಹೊಳಿ ಸರ್ ಹೋಗಿ ವಿಡಿಯೋ ಪೆನ್ ಡ್ರೈವಿನಲ್ಲಿ ತಂದಿದ್ದರು. ಬಂಕಿನ ರೆಕಾರ್ಡರು ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋಗುವಂಥದು. ಅಲ್ಲಿ ಆ ದಿನದ ಚಿತ್ರ ಆಗಲೇ ಅಳಿಸಿಹೋಗಿತ್ತು. ಅಂದರೆ ಮೂಲ ಪ್ರತಿ ಇದ್ದದ್ದು ಆ ಪೆನ್ ಡ್ರೈವ್ ಒಂದರಲ್ಲೇ.

ದೇಸಾಯಿಯವರು ತಮ್ಮ ಮೇಜಿನ ಕಂಪ್ಯೂಟರಿನಲ್ಲಿ ಅದನ್ನು ಹಾಕಿ ತೋರಿಸಿದರು. ಬಸ್ಸು ಬಂಕಿನ ಮುಂದೆ ಬಂತು. ಚಿತ್ರ ನಿಂತಿತು. ಮರುಕ್ಷಣ ಬಸ್ಸು ಇಳಿಜಾರಿನ ನಡುವೆ ಇತ್ತು. ಮತ್ತೆ ನಿಂತಿತು. ಆಮೇಲೆ ನೋಡಿದರೆ ಬಸ್ಸು ಹೊಲದಲ್ಲಿ, ಬೈಕು ನೆಲದಲ್ಲಿ.

"ನೋಡಿದ್ರಿ? ಹಾರಿಕೊಂಡ ಹೋಗ್ಯಾನ ಮಗ," ಎಂದರು ದೇಸಾಯಿ.

ನಾನು ಬಸ್ಸನ್ನು ನೋಡುತ್ತಿರಲಿಲ್ಲ. ಚಿತ್ರದ ಮೂಲೆಯಲ್ಲಿ ಕ್ಯಾಮೆರಾ ಮೂಡಿಸುವ ಗಡಿಯಾರವನ್ನು ನೋಡುತ್ತಿದ್ದೆ. ಅದೂ ಬಸ್ಸಿನ ಜೊತೆಗೇ ಜಿಗಿಯುತ್ತಿತ್ತು. ಸೆಕೆಂಡುಗಳೇ ಮಾಯವಾಗುತ್ತಿದ್ದವು. ಬಸ್ಸಿನ ವೇಗಕ್ಕೂ ಈ ಜಿಗಿತಕ್ಕೂ ಸಂಬಂಧವಿಲ್ಲ, ಕಂಪ್ಯೂಟರು ನಡುವಿನ ಚಿತ್ರಗಳನ್ನು ಬಿಟ್ಟುಬಿಡುತ್ತಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇದನ್ನೇ ಹೇಳಿದೆ. ದೇಸಾಯಿಯವರು ಕೇಳದವರಂತೆ ಡ್ರಾಯರ್ ಎಳೆದು ನಮ್ಮ ಕಂಪನಿಯ ಸರ್ವಿಸ್ ರಿಪೋರ್ಟಿನ ಖಾಲಿ ಹಾಳೆಯನ್ನು ಮುಂದೆ ಸರಿಸಿದರು.

"ಮಧ್ಯಾಹ್ನ ಹವಾಲ್ದಾರ ಬರ್ತಾನ. ಮೂಲ ಫೈಲೇ ಬೇಕಂತ, ತನ್ನ ಮುಂದ ಆಡಿಸಿ ತೋರಸಬೇಕಂತ. ಫೈಲ್ ಕರಪ್ಟ್ ಆಗೇತಿ, ಆಡೋದಿಲ್ಲ ಅಂತ ಬರೆದು ಸಹಿ ಮಾಡಿಕೊಡ್ರಿ. ಹಂಪಿಹೊಳಿ ಸರ್ ಒಂದು ಸಣ್ಣ ಕಾಪಿ ಮಾಡ್ಯಾರ, ಅದು ಚಲೋ ಆಡ್ತೈತಿ. ಅದನ್ನ ಕೊಟ್ಟು ಕಳಸ್ತೇವಿ."

ಆ ಸಣ್ಣ ಕಾಪಿಯನ್ನೂ ನೋಡಿದೆ. ಮೂಲ ಚಿತ್ರದ ಒಂದೊಂದು ಚೌಕಟ್ಟಿನಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿರುತ್ತವೆ. ಹೈ ಡೆಫಿನಿಷನ್ ಎಂದರೆ ಅದೇ. ಆ ಕಾಪಿಯಲ್ಲಿ ಅದನ್ನು ಹಿಂಡಿ ಅಂಚೆಚೀಟಿ ಮಾಡಿದ್ದರು. ಬಸ್ಸು ದೂರ ಹೋದಂತೆ ಅದೊಂದು ಹಳದಿ ಕಲೆ, ಬೈಕು ಕರಿ ಕಲೆ. ಒಂದು ಕಲೆ ಇನ್ನೊಂದಕ್ಕೆ ತಾಗುತ್ತಿತ್ತು. ಯಾರ ಮೇಲೆ ಬೇಕಾದರೂ ತಪ್ಪು ಹೊರಿಸಬಹುದಾದಂಥ ಚಿತ್ರ.

"ಮೊದಲು ಯಂತ್ರ ನೋಡ್ತೀನ್ರಿ, ಆಮೇಲೆ ಬರೀತೀನಿ," ಎಂದೆ.

"ನಿಮಗ ಬರಿಯೋದಕ್ಕ ಕರಸೇವ್ರಿ ಮೇಡಂ," ಎಂದರು ದೇಸಾಯಿ ನಗುತ್ತ. ಆ ನಗು ನನ್ನ ಮಾಲೀಕರ ಬುದ್ಧಿಮಾತನ್ನು ನೆನಪಿಸಿತು. ಕೇಳಿಸದವಳಂತೆ ಪೆನ್ ಡ್ರೈವ್ ತೆಗೆದುಕೊಂಡು ಮೂಲ ಫೈಲನ್ನು ನನ್ನ ಹಾರ್ಡ್ ಡಿಸ್ಕಿಗೆ ಒಂದು ಪ್ರತಿ ಮಾಡಿಕೊಂಡೆ. ಯಾವ ಕೆಲಸಕ್ಕೂ ಮೊದಲು ಮೂಲವನ್ನು ಕಾಪಾಡು ಎಂಬುದು ನಮ್ಮ ಕಸುಬಿನ ಮೊದಲ ಪಾಠ.

ಪ್ರತಿ ಆಗುತ್ತಿರುವಾಗ ನೀರು ಕುಡಿಯಲು ಹೊರಗೆ ಬಂದೆ. ಪಡಸಾಲೆಯ ಬೆಂಚಿನ ಮೇಲೆ ಒಬ್ಬ ಮನುಷ್ಯ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದ. ಐವತ್ತರ ಆಸುಪಾಸು. ಹವಾಲ್ದಾರರು ಬರಹೇಳಿದ್ದಾರೆಂದು ಮುಂಜಾನೆಯೇ ಬಂದು ಕೂತಿದ್ದ ಮಾಬುಸಾಬ ಅವನೇ.

"ನೀವು ವಿಡಿಯೋ ನೋಡಾಕ ಬಂದೋರಾ ಅಕ್ಕಾರ?" ಎಂದ. "ನನಗ ಒಮ್ಮೆನೂ ತೋರ್ಸಿಲ್ರಿ. ನಾ ಹಾರಿಸಿಕೊಂಡ ಹೋಗೇನಂತ ಅದರಾಗ ಐತಂತ, ಖರೆ ಏನ್ರಿ?"

"ನೀವು ಏನ್ ಮಾಡಿದ್ರಿ, ಹೇಳ್ರಿ," ಎಂದೆ.

"ಬ್ರೇಕ್ ಒತ್ತೇನ್ರಿ. ಬಂಕ್ ದಾಟಿದ ಕೂಡ್ಲೆ ಒತ್ತೇನಿ. ಪೆಡಲ್ ತಳಾ ಮುಟ್ಟಿತು, ಗಾಡಿ ಹಿಡಿಲಿಲ್ಲ. ಕೆಳಗ ಹೆಣ್ಮಕ್ಕಳು ನಿಂತಿದ್ರು. ಹೊಲಕ್ಕ ಹೊಡದೆ. ಬೈಕಿನಾಂವ ಕಂಡ, ಆದ್ರ ಅಷ್ಟೊತ್ತಿಗೆ ಎಲ್ಲಾ ಆಗಿಹೋಗಿತ್ರಿ." ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, "ಬ್ರೇಕ್ ಸರಿ ಇಲ್ಲಂತ ಎಷ್ಟು ಸಲ ಬಾಯಿಬಿಟ್ಟು ಹೇಳೇನಿ. ಪರೀಕ್ಷಾ ಮುಗೀಲಿ, ಸೂಟಿಯೊಳಗ ಮಾಡಸೂಣು ಅಂದ್ರು. ಈಗ ನಾ ಹೇಳಿದ್ದಕ್ಕ ಸಾಕ್ಷಿ ಯಾರದಾರ?" ಎಂದ.

ಅವನ ಮಾತನ್ನು ನಂಬಲು ನನಗೆ ಕಾರಣವಿರಲಿಲ್ಲ, ನಂಬದಿರಲೂ ಕಾರಣವಿರಲಿಲ್ಲ. ಒಳಗೆ ಹೋಗಿ ಕಂಪ್ಯೂಟರಿನ ಕ್ಯಾಬಿನೆಟ್ ಬಿಚ್ಚಿದೆ.

ಸಂಸ್ಥೆಯ ಪಕ್ಕದಲ್ಲೇ ಹತ್ತಿಯ ಜಿನ್ನಿಂಗ್ ಮಿಲ್ಲು. ಪ್ರೊಸೆಸರಿನ ಮೇಲಿನ ಫ್ಯಾನು ಹತ್ತಿಯ ಧೂಳಿನಿಂದ ಗಾದಿಯಾಗಿತ್ತು. ಬಿಸಿ ಏರಿದರೆ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಬ್ರಶ್ಶು, ಬ್ಲೋವರಿನಿಂದ ಅದನ್ನು ಸ್ವಚ್ಛ ಮಾಡಿ, ಬಿಸಿಯನ್ನು ಹೊರಗೆ ಸಾಗಿಸುವ, ಒಣಗಿ ಪುಡಿಯಾಗಿದ್ದ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದೆ. ಜಿಗಿತ ಕಡಿಮೆಯಾಯಿತು, ನಿಲ್ಲಲಿಲ್ಲ. ಪೆನ್ ಡ್ರೈವು ತೀರಾ ನಿಧಾನದ್ದು. ಫೈಲನ್ನು ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಹಾಕಿ ಅಲ್ಲಿಂದ ಆಡಿಸಿದೆ. ಇನ್ನಷ್ಟು ಸುಧಾರಿಸಿತು. ಒಂದರ ಮೇಲೊಂದು ಕಾವಲು ಕೂತಿದ್ದ ಎರಡು ಆಂಟಿವೈರಸ್‌ಗಳಲ್ಲಿ ಒಂದನ್ನು ತೆಗೆದೆ. ಆದರೂ ವಿಡಿಯೋ ಹಾಕಿದೊಡನೆ ಪ್ರೊಸೆಸರಿನ ಕೆಲಸದ ಪ್ರಮಾಣ ನೂರಕ್ಕೆ ನೂರು ಮುಟ್ಟುತ್ತಿತ್ತು.

ಮುಖ್ಯ ದೋಷ ನನ್ನ ಅನುಮಾನದಂತೆಯೇ ಇತ್ತು. ಯಾರೋ ಪುಣ್ಯಾತ್ಮ ಫಾರ್ಮ್ಯಾಟ್ ಹೊಡೆದು ಗ್ರಾಫಿಕ್ಸ್ ಡ್ರೈವರ್ ಹಾಕದೆ ಹೋಗಿದ್ದ. ಹೈ ಡೆಫಿನಿಷನ್ ವಿಡಿಯೋ ಮಡಚಿಟ್ಟ ಸೀರೆಯಂತೆ ಒತ್ತಿ ತುಂಬಿರುತ್ತದೆ. ಸೆಕೆಂಡಿಗೆ ಇಪ್ಪತ್ತೈದು ಚಿತ್ರಗಳನ್ನು ಬಿಡಿಸಿ ಪರದೆಗೆ ಹಾಸಬೇಕು. ಅದಕ್ಕೆಂದೇ ಆ ಕಂಪ್ಯೂಟರಿನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇತ್ತು. ಆದರೆ ಡ್ರೈವರ್ ಇಲ್ಲದೆ ಅದಕ್ಕೆ ಕೆಲಸ ಹೇಳುವವರೇ ಇರಲಿಲ್ಲ. ಭಾರವೆಲ್ಲ ಪ್ರೊಸೆಸರಿನ ತಲೆಯ ಮೇಲೆ ಬಿದ್ದಿತ್ತು. ನನ್ನ ಬಳಿಯಿದ್ದ ಡ್ರೈವರ್ ಹಾಕಿದೆ, ಹಳೆಯ ಪ್ಲೇಯರ್ ತೆಗೆದು ಹೊಸದನ್ನು ಹಾಕಿ, ಚಿತ್ರ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ವಹಿಸುವ ಹಾರ್ಡ್‌ವೇರ್ ಆಕ್ಸಿಲರೇಶನ್ ಆಯ್ಕೆ ಆನ್ ಮಾಡಿದೆ. ಕಂಪ್ಯೂಟರ್ ಮತ್ತೆ ಶುರುವಾಯಿತು.

ದೇಸಾಯಿಯವರು ಊಟಕ್ಕೆ ಹೋಗಿದ್ದರು. ಕೋಣೆಯಲ್ಲಿ ನಾನು ಮತ್ತು ಹಂಪಿಹೊಳಿ ಸರ್ ಇಬ್ಬರೇ. ವಿಡಿಯೋ ಹಾಕಿದೆ. ಈ ಸಲ ಅದು ನೀರು ಹರಿದಂತೆ ಹರಿಯಿತು. ಬಸ್ಸು ಬಂಕಿನ ಮುಂದೆ ಬಂದದ್ದು ಸಾಧಾರಣ ವೇಗದಲ್ಲಿ. ಇಳಿಜಾರಿಗೆ ಇಳಿಯುತ್ತಲೇ ಅದರ ಹಿಂದಿನ ಬ್ರೇಕ್ ದೀಪಗಳು ಕೆಂಪಗೆ ಹತ್ತಿದವು. ಬಸ್ಸು ನಿಧಾನವಾಗಲಿಲ್ಲ. ದೀಪ ಆರಿತು, ಮತ್ತೆ ಹತ್ತಿತು. ಆರಿತು, ಹತ್ತಿತು. ಇಳಿಜಾರಿನ ಉದ್ದಕ್ಕೂ ಆ ಕೆಂಪು ದೀಪ ಮಿಣಮಿಣ ಬಡಿದುಕೊಳ್ಳುತ್ತಲೇ ಇತ್ತು. ಸತ್ತ ಪೆಡಲನ್ನು ಒಬ್ಬ ಮನುಷ್ಯ ಮತ್ತೆ ಮತ್ತೆ ತುಳಿಯುತ್ತಿದ್ದುದು ಹಿಂದಿನಿಂದ ನೋಡಿದರೆ ಹೀಗೆ ಕಾಣುತ್ತದೆ. ಕೊನೆಗೆ ಎಡಕ್ಕೆ ಹೊರಳು, ಬೈಕು, ಒಡ್ಡು, ಧೂಳು.

ಸಣ್ಣ ಕಾಪಿಯಲ್ಲಿ ಆ ದೀಪ ಕಾಣುವುದೇ ಸಾಧ್ಯವಿರಲಿಲ್ಲ. ಹೈ ಡೆಫಿನಿಷನ್ ಚಿತ್ರದಲ್ಲೂ ಅದು ಬೆಂಕಿಕಡ್ಡಿಯ ತುದಿಯಷ್ಟು.

ಹಂಪಿಹೊಳಿ ಸರ್ ಕನ್ನಡಕ ತೆಗೆದು ಒರೆಸಿದರು. "ಮೇಡಂ, ಇದು ಆಡದಿದ್ರನ ಚಲೋ ಇತ್ತು," ಎಂದರು.

ಅಲ್ಲಿಯವರೆಗೆ ನಾನು ಅವರನ್ನು ಏನೂ ತಿಳಿಯದ ಮನುಷ್ಯ ಎಂದುಕೊಂಡಿದ್ದೆ. "ನಿಮಗ ಗೊತ್ತಿತ್ತೇನ್ರಿ?" ಎಂದು ಕೇಳಿದೆ.

"ನಮ್ಮ ಲ್ಯಾಬಿನ್ಯಾಗ ಹೊಸಾ ಸಿಸ್ಟಮ್ ಅದಾವಲ್ರಿ. ಮೊದಲನೇ ದಿನಾನ ಅದರಾಗ ಹಾಕಿ ನೋಡಿದ್ದೆ."

"ಮತ್ತ ಈ ಕಂಪ್ಯೂಟರಿನ್ಯಾಗ ಯಾಕ ತೋರಿಸಿದ್ರಿ?"

"ದೇಸಾಯಿ ಸರ್ ಇದರಾಗ ತೋರಸ್ರಿ ಅಂದ್ರು."

ಸರಿಯಾಗಿ ಓಡುವ ಯಂತ್ರ ಪಕ್ಕದ ಕಟ್ಟಡದಲ್ಲೇ ಇತ್ತು. ಎಡವುವ ಯಂತ್ರವನ್ನು ಹುಡುಕಿ ಆರಿಸಿಕೊಂಡಿದ್ದರು, ಅದನ್ನು ತೋರಿಸಿ ಫೈಲೇ ಕೆಟ್ಟಿದೆ ಎಂಬುದಕ್ಕೆ ಸಹಿ ಹಾಕಿಸಲು ನನ್ನನ್ನು ಗದಗಿನಿಂದ ಕರೆಸಿದ್ದರು. ದಡ್ಡತನವನ್ನಾದರೂ ಕ್ಷಮಿಸಬಹುದು. ಪಿಎಚ್‌ಡಿ ಪ್ರಮಾಣಪತ್ರವನ್ನು ಗೋಡೆಗೆ ನೇತುಹಾಕಿಕೊಂಡ ಈ ಮನುಷ್ಯ ಎಲ್ಲ ತಿಳಿದೂ ಅಂಚೆಚೀಟಿ ಮಾಡಿಕೊಟ್ಟಿದ್ದ.

"ಆ ಬಸ್ಸು ಇವತ್ತೂ ಮಕ್ಕಳನ್ನ ಹೊತ್ತು ಓಡಾಡ್ತೈತಲ್ರಿ," ಎಂದೆ.

"ನಮ್ಮ ಮಕ್ಕಳು ಗದಗಿನ್ಯಾಗ ಓದ್ತಾರ್ರಿ," ಎಂದರು. ಅದು ಉತ್ತರ ಎಂದೇ ಅವರು ಭಾವಿಸಿದ್ದರು.

ದೇಸಾಯಿಯವರು ವೀಳ್ಯದೆಲೆ ಅಗಿಯುತ್ತ ಒಳಗೆ ಬಂದರು. ಅವರ ಹಿಂದೆಯೇ ಹವಾಲ್ದಾರ ತಳವಾರರು ಬಂದರು, ನಿವೃತ್ತಿಗೆ ಸಮೀಪದ ದಣಿದ ಮನುಷ್ಯ. "ಹವಾಲ್ದಾರ್ರ, ಫೈಲ್ ಕೆಟ್ಟೇತ್ರಿ. ಇಗಾ, ಮೇಡಂ ಬರೆದು ಕೊಡ್ತಾರ," ಎಂದು ದೇಸಾಯಿ ಶುರುಮಾಡಿದರು.

"ಕೆಟ್ಟಿಲ್ರಿ," ಎಂದೆ. "ಕುಂಡ್ರಿ, ನೋಡ್ರಿ."

ದೇಸಾಯಿಯವರ ಅಗಿತ ನಿಂತಿತು. ನಾನು ಪರದೆ ತುಂಬ ವಿಡಿಯೋ ಹಾಕಿದೆ. ತಳವಾರರು ಒಮ್ಮೆ ನೋಡಿದರು. "ಇನ್ನೊಮ್ಮೆ ಹಾಕ್ರಿ," ಎಂದರು. ಎರಡನೆಯ ಸಲ ನೋಡಿ ಎದ್ದು ಹೋಗಿ ಬಾಗಿಲಿನಿಂದ ಮಾಬುಸಾಬನನ್ನು ಕರೆದರು. "ಬಾರಲೇ ಒಳಗ. ಈ ಕೆಂಪು ದೀಪ ಯಾಕ ಹಿಂಗ ಹತ್ತಿ ಹತ್ತಿ ಆರಾಕತ್ತೇತಿ, ಹೇಳು."

ಮಾಬುಸಾಬ ಮೊದಲ ಬಾರಿಗೆ ತನ್ನ ಬಸ್ಸನ್ನು ಹಿಂದಿನಿಂದ ನೋಡಿದ. ನೋಡುತ್ತ ನಿಂತವನ ಬಲಗಾಲು ನೆಲವನ್ನು ತುಳಿಯಲು ಶುರುಮಾಡಿತು. ಅದು ಅವನಿಗೆ ತಿಳಿದಂತಿರಲಿಲ್ಲ. ದೀಪ ಹತ್ತಿದಾಗಲೆಲ್ಲ ಅವನ ಕಾಲು ನೆಲ ಒತ್ತುತ್ತಿತ್ತು.

"ನಾನ್ರಿ ಅದು," ಎಂದ. "ತುಳದೇನ್ರಿ. ಹಿಡಿಲಿಲ್ರಿ. ಮತ್ತ ತುಳದೇನ್ರಿ." ಆಮೇಲೆ ಅವನು ಟೋಪಿಯನ್ನು ಮುಖಕ್ಕೆ ಒತ್ತಿಕೊಂಡ.

"ಬ್ರೇಕ್ ಆಮ್ಯಾಲ ರಿಪೇರಿ ಮಾಡಸೇವಿ," ಎಂದರು ದೇಸಾಯಿ.

"ಯಾವ ಗ್ಯಾರೇಜಿನ್ಯಾಗ್ರಿ?" ಎಂದರು ತಳವಾರರು. ದೇಸಾಯಿ ಹಂಪಿಹೊಳಿಯವರ ಮುಖ ನೋಡಿದರು. ಹಂಪಿಹೊಳಿಯವರು ಕಿಟಕಿಯ ಕಡೆ ನೋಡಿದರು.

ಅಷ್ಟರಲ್ಲಿ ಕಾಲೇಜು ಬಿಡುವ ಗಂಟೆ ಹೊಡೆಯಿತು. ಹಮ್ಮಿಗಿ ಕಡೆಯ ಹುಡುಗ ಹುಡುಗಿಯರು ಸೀಟು ಹಿಡಿಯಲು ಆ ಬಸ್ಸಿನತ್ತ ಓಡುತ್ತಿದ್ದುದು ಕಿಟಕಿಯಿಂದ ಕಂಡಿತು. ನಾನು ಹೊರಗೆ ಓಡಿದೆ. ನನ್ನ ವಯಸ್ಸಿನ ಹೆಂಗಸು ಸೀರೆ ಎತ್ತಿಕೊಂಡು ಓಡಿದ್ದನ್ನು ಅಂದು ಆ ಸಂಸ್ಥೆಯೆಲ್ಲ ನೋಡಿತು. ಬಸ್ಸಿನ ಮುಂದೆ ಹೋಗಿ ನಿಂತೆ. ತಳವಾರರು ಹಿಂದಿನಿಂದ ಏದುಸಿರು ಬಿಡುತ್ತ ಬಂದರು.

ಹೊಸ ಡ್ರೈವರ್ ಫಕ್ಕೀರಪ್ಪನನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ: "ಬ್ರೇಕ್ ಹೆಂಗೈತಿ?"

"ಎರಡು ಮೂರು ಸಲ ತುಳದ್ರ ಹಿಡಿತೈತ್ರಿ," ಎಂದ ಅವನು ನಿರಾಳವಾಗಿ. "ಇಳಿಜಾರಿನ್ಯಾಗ ಫಸ್ಟ್ ಗೇರಿನ್ಯಾಗ ಇಳಸ್ತೇನ್ರಿ. ಸಾಹೇಬ್ರಿಗೆ ನಾನೂ ಹೇಳೇನಿ."

ತಳವಾರರು ಕೈ ಚಾಚಿ ಬೀಗದ ಕೈ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಬಸ್ ನಿಲ್ದಾಣದವರೆಗೆ ನಡೆಯಬೇಕಾಯಿತಲ್ಲ ಎಂದು ವಿದ್ಯಾರ್ಥಿಗಳು ನನ್ನನ್ನೇ ಬೈದುಕೊಂಡು ಇಳಿದರು. ಒಬ್ಬಳು, "ಯಾರಲೇ ಈಕಿ?" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಬದುಕಿ ಬೈದರೆ ಬೈಯಲಿ ಎನಿಸಿತು.

ಪೆನ್ ಡ್ರೈವನ್ನು ತಳವಾರರ ವಶಕ್ಕೆ ಕೊಟ್ಟೆ. ಸರ್ವಿಸ್ ರಿಪೋರ್ಟಿನಲ್ಲಿ, ಫೈಲು ಸುಸ್ಥಿತಿಯಲ್ಲಿದೆ, ದೋಷ ಇದ್ದದ್ದು ಕಂಪ್ಯೂಟರಿನಲ್ಲಿ ಎಂದು ಬರೆದು ಸಹಿ ಮಾಡಿದೆ. ದೇಸಾಯಿಯವರು ಅದನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ, "ನಿಮ್ಮ ಮಾಲೀಕರ ಜೋಡಿ ಮಾತಾಡ್ತೇನಿ," ಎಂದರು. ಮಾತಾಡಿದರು ಕೂಡ. ಮುಂದಿನ ವರ್ಷದ ಗುತ್ತಿಗೆ ನಮಗೆ ಸಿಗಲಿಲ್ಲ. ಮಾಲೀಕರು ಹಲವು ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ.

ಆಮೇಲೆ ಸಾರಿಗೆ ಇಲಾಖೆಯ ಬ್ರೇಕ್ ಇನ್‌ಸ್ಪೆಕ್ಟರು ಬಂದು ಬಸ್ಸನ್ನು ಪರೀಕ್ಷೆ ಮಾಡಿದರು. ಬ್ರೇಕಿನ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸವೆದು ಹೋಗಿತ್ತಂತೆ. ಅತಿ ವೇಗದ ಆರೋಪದಿಂದ ಮಾಬುಸಾಬ ಪಾರಾದ. ಸಂಸ್ಥೆಯವರು ಮರಳಿ ಬಾ ಎಂದು ಹೇಳಿ ಕಳಿಸಿದರೂ ಹೋಗಲಿಲ್ಲ. ಲಕ್ಷ್ಮೇಶ್ವರದಲ್ಲಿ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಿದ್ದಾನೆ ಎಂದು ಕೇಳಿದೆ. ಹನುಮಂತಪ್ಪನ ಕಾಲನ್ನು ವೈದ್ಯರು ಉಳಿಸಿದರು, ಆದರೆ ಪಾದ ಮೊದಲಿನಂತೆ ಬಾಗಲಿಲ್ಲ. ವರ್ಷದ ಮೇಲೆ ಹಮ್ಮಿಗಿಯ ಸೊಸೈಟಿಗೆ ಹೋದಾಗ ಅವನ ಅಂಗಡಿಗೆ ಹೋಗಿದ್ದೆ. ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡು ಎಡಗಾಲಿನಲ್ಲಿ ಒತ್ತುವುದನ್ನು ಕಲಿತಿದ್ದ. "ಡ್ರೈವರ್ ಕುಡದಿದ್ದ ಅಂತ ನನಗ ಆಸ್ಪತ್ರಿಗೆ ಬಂದು ಹೇಳಿ ಹೋಗಿದ್ರು ನೋಡ್ರಿ," ಎಂದ. "ಎಷ್ಟು ದಿನ ಆ ಮನಶ್ಯಾಗ ಶಾಪ ಹಾಕೇನಿ." ಯಾರು ಬಂದು ಹೇಳಿದ್ದು ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ದೇಸಾಯಿಯವರಿಗೆ ಏನೂ ಆಗಲಿಲ್ಲ. ಹಂಪಿಹೊಳಿಯವರು ಪ್ರಾಂಶುಪಾಲರಾದರು. ಅಂಥವರಿಗೆ ಬಡ್ತಿ ತಪ್ಪಿದ್ದನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ.

ನಿವೃತ್ತಳಾದ ಮೇಲೆ ಕೆಲವರು ನನ್ನನ್ನು ಕೇಳುತ್ತಾರೆ, ವಿಡಿಯೋ ತಡವರಿಸಿದರೆ ಏನು ಮಾಡಬೇಕು ಎಂದು. ಧೂಳು ಒರೆಸಿ, ಡ್ರೈವರ್ ಹಾಕಿ, ಫೈಲನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು ಆಡಿಸಿ ಎನ್ನುತ್ತೇನೆ. ಅದನ್ನು ಯಾರು ಬೇಕಾದರೂ ಕಲಿಯಬಹುದು. ಆ ದಿನದ ಕೆಲಸ ನನಗೆ ಕಲಿಸಿದ ಪಾಠ ಬೇರೆ: ಒಂದು ವಸ್ತುವನ್ನು ರಿಪೇರಿ ಮಾಡಿ ಎನ್ನುವ ಬದಲು, ಆಗುವುದಿಲ್ಲ ಅಂತ ಬರೆದುಕೊಡಿ ಎಂದು ಯಾರಾದರೂ ಕೇಳಿದರೆ, ಅದು ಆಗುತ್ತದೆ ಎಂಬುದು ಅವರಿಗೆ ಆಗಲೇ ಗೊತ್ತಿರುತ್ತದೆ.